ಜೋಯಿಡಾದ ನಮ್ಮ ಮಜರೆಗೆ ಕಾಲುಸಂಕ: ಗ್ರಾಮಸಭೆಯಲ್ಲಿ ಹೇಗೆ ಕೇಳೋಣ?

ಮಜರೆ ಮಗಳು:

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿದ್ದು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಒಂದು ಕುಣಬಿ ಸಮುದಾಯದ ಮಜರೆಯಲ್ಲಿ, ಅಂದರೆ ಮೂಲ ಹಳ್ಳಿಯಿಂದ ದೂರ ಇರುವ ಸಣ್ಣ ಕೇರಿಯಲ್ಲಿ. ಈಗ ಹುಬ್ಬಳ್ಳಿಯಲ್ಲಿ ಕೆಲಸ. ನಮ್ಮ ಮಜರೆಯಲ್ಲಿ ಇರೋದು ಹದಿನಾಲ್ಕೇ ಮನೆ. ಮೂಲ ಹಳ್ಳಿಗೆ ನಾಲ್ಕು ಕಿಲೋಮೀಟರ್ ನಡೆಯಬೇಕು, ಮಧ್ಯದಲ್ಲಿ ಒಂದು ಹಳ್ಳ ಇದೆ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ನಮ್ಮವರೇ ಮರದ ದಿಮ್ಮಿ, ಬಿದಿರು ಹಾಕಿ ಬಳ್ಳಿಯಿಂದ ಬಿಗಿದು ಸಂಕ ಕಟ್ಟುತ್ತಾರೆ.

ಕಳೆದ ಮಳೆಗಾಲದಲ್ಲಿ ಸಂಕ ಕೊಚ್ಚಿಕೊಂಡು ಹೋಯಿತು. ಅದೇ ವಾರ ನಮ್ಮ ಅತ್ತೆಗೆ ಜ್ವರ ಜಾಸ್ತಿಯಾಗಿ ಮಾತೇ ನಿಂತುಹೋಯಿತು. ಕಂಬಳಿಯಲ್ಲಿ ಜೋಳಿಗೆ ಮಾಡಿ, ಹಳ್ಳ ಸುತ್ತಿ ಬಳಸಿ, ಗುಡ್ಡ ಹತ್ತಿ ಇಳಿದು, ಡಾಂಬರು ರಸ್ತೆ ಮುಟ್ಟುವಷ್ಟರಲ್ಲಿ ಐದು ತಾಸು ಹಿಡಿಯಿತು. ಅತ್ತೆ ಉಳಿದರು. ಆದರೆ ಹೊತ್ತುಕೊಂಡು ಹೋದ ನಾಲ್ಕೂ ಜನ ಐವತ್ತು ದಾಟಿದವರು. ಹುಡುಗರೆಲ್ಲ ಗೋವಾದಲ್ಲಿದ್ದಾರೆ, ಇಲ್ಲ ದಾಂಡೇಲಿಯಲ್ಲಿದ್ದಾರೆ. ಇನ್ನು ಐದಾರು ವರ್ಷ ಹೋದರೆ ಜೋಳಿಗೆ ಹೊರುವವರೂ ಇರೋದಿಲ್ಲ.

ಎಂಟು ವರ್ಷದಿಂದ ಕಾಲುಸಂಕ ಕೇಳುತ್ತಿದ್ದೇವೆ. ಎರಡೇ ಉತ್ತರ ಬರುತ್ತದೆ. ಒಂದು, ಹದಿನಾಲ್ಕು ಮನೆಗೆ ಅಷ್ಟು ದುಡ್ಡು ಹಾಕಲು ಬರೋದಿಲ್ಲ. ಇನ್ನೊಂದು, ಅದು ಅರಣ್ಯ ಜಾಗ.

ಮುಂದಿನ ತಿಂಗಳು ಗ್ರಾಮಸಭೆ ಇದೆ. ಈ ಸಲ ಬರಿಗೈಯಲ್ಲಿ ಹೋಗಿ ಬೈದು ಬರೋದು ಬೇಡ ಅಂತ ಮನಸ್ಸು ಮಾಡಿದ್ದೇನೆ. ಪಂಚಾಯ್ತಿ, ಕಾಯ್ದೆ ಗೊತ್ತಿರುವವರು ದಯವಿಟ್ಟು ಹೇಳಿ. ಏನು ಕೇಳಬೇಕು, ಹೇಗೆ ಬರೆಯಬೇಕು?

ಹಳೇ ಸದಸ್ಯೆ:

ತಂಗಿ, ನಾನು ಇದೇ ತಾಲ್ಲೂಕಿನ ಒಂದು ಪಂಚಾಯ್ತಿಯಲ್ಲಿ ಐದು ವರ್ಷ ಸದಸ್ಯೆ ಆಗಿದ್ದವಳು. ಆ ಮೊದಲನೇ ಉತ್ತರವನ್ನು ನಾನೂ ಜನರಿಗೆ ಹೇಳಿದ್ದೇನೆ. ಈಗಲೂ ಅದು ನೆನಪಾದರೆ ಬೇಸರವಾಗುತ್ತದೆ.

ಪಂಚಾಯ್ತಿಗೆ ಬರುವ ದುಡ್ಡಿನಲ್ಲಿ ತಲೆ ಎಣಿಕೆಗೇ ತೂಕ ಜಾಸ್ತಿ. ಜೋಯಿಡಾ ಉತ್ತರ ಕನ್ನಡದಲ್ಲೇ ದೊಡ್ಡ ತಾಲ್ಲೂಕು, ಜನ ಮಾತ್ರ ಎಲ್ಲಕ್ಕಿಂತ ಕಡಿಮೆ. ಇಡೀ ತಾಲ್ಲೂಕು ಸೇರಿದರೂ ಐವತ್ತು ಸಾವಿರದ ಆಸುಪಾಸು. ಬಯಲುಸೀಮೆಯಲ್ಲಿ ಒಂದು ಪಂಚಾಯ್ತಿ ಅಂದರೆ ಎರಡು ಮೂರು ಊರು, ಒಂದಕ್ಕೊಂದು ಕಾಣುತ್ತವೆ. ನನ್ನ ವಾರ್ಡು ಒಂದರಲ್ಲೇ ಒಂಬತ್ತು ಮಜರೆ ಇದ್ದವು. ಎಲ್ಲ ಮನೆ ಮುಟ್ಟಿ ಬರಲು ನನಗೆ ಎರಡು ದಿನ ಬೇಕಾಗುತ್ತಿತ್ತು, ರಾತ್ರಿ ಯಾರದೋ ಮನೆಯ ಜಗಲಿಯಲ್ಲಿ ಮಲಗಬೇಕಿತ್ತು.

1993ರ ಪಂಚಾಯತ್ ರಾಜ್ ಕಾಯ್ದೆ ಮಾಡಿದವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಬೇರೆ ಕಡೆ ಒಂದು ಗ್ರಾಮ ಪಂಚಾಯ್ತಿಗೆ 5,000ದಿಂದ 7,000 ಜನ ಅಂತ ಇದ್ದರೆ ನಮ್ಮಂಥ ಮಲೆನಾಡು ಜಿಲ್ಲೆಗಳಿಗೆ 2,500 ಜನ ಇದ್ದರೂ ಸಾಕು ಅಂತ ಬರೆದಿದ್ದಾರೆ. 400 ಜನಕ್ಕೆ ಒಬ್ಬ ಸದಸ್ಯ. ಪಂಚಾಯ್ತಿ ಮಾಡುವಾಗ ಕಾಡು, ದೂರ ನೋಡಿದರು. ದುಡ್ಡು ಹಂಚುವಾಗ ಮಾತ್ರ ಅದನ್ನು ಮರೆತರು. ನನ್ನ ಸಿಟ್ಟು ಇರೋದು ಇಲ್ಲೇ. ನಾಲ್ಕು ಕಿಲೋಮೀಟರ್ ಪೈಪು ಎಳೆದರೆ ಬಯಲಲ್ಲಿ ನಾನೂರು ಮನೆಗೆ ನೀರು ಹೋಗುತ್ತದೆ, ನಮ್ಮಲ್ಲಿ ಹದಿನಾಲ್ಕು ಮನೆಗೆ. ಪೈಪಿನ ರೇಟು ಎರಡೂ ಕಡೆ ಒಂದೇ ಅಲ್ವಾ?

ಆದ್ದರಿಂದ "ಹದಿನಾಲ್ಕು ಮನೆ" ಅಂತ ನೀವು ಅರ್ಜಿ ಶುರು ಮಾಡಬೇಡಿ. ಆ ಹಳ್ಳ ದಾಟುವವರು ಯಾರು ಯಾರು ಅಂತ ಬರೆಯಿರಿ. ಶಾಲೆ ಮಕ್ಕಳು, ಆಶಾ ಕಾರ್ಯಕರ್ತೆ, ಲೈನ್‌ಮ್ಯಾನ್, ರೇಷನ್ ತರುವವರು, ಆಚೆ ಗದ್ದೆ ಇರುವ ಬೇರೆ ಊರಿನವರು. ಒಂದು ವಾರ ಕೂತು ಎಣಿಸಿ.

ರಾಮನಗರದ ಅಜ್ಜ:

ಮಗಾ, ನನಗೆ ಬೆರಳಲ್ಲಿ ಒತ್ತಲು ಬರೋದಿಲ್ಲ, ಮೊಮ್ಮಗಳು ಬರೆದುಕೊಡುತ್ತಿದ್ದಾಳೆ.

ನಮ್ಮದು ಸೂಪಾ. ಆಗ ಈ ತಾಲ್ಲೂಕಿನ ಹೆಸರೇ ಸೂಪಾ, ಕಚೇರಿ ಪೇಟೆ ಎಲ್ಲ ಅಲ್ಲೇ, ಕಾಳಿಗೆ ಪಾಂಢರಿ ಹೊಳೆ ಬಂದು ಸೇರುವ ಜಾಗದಲ್ಲಿ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಬಂತು, ಊರು ನೀರಿನ ಕೆಳಗೆ ಹೋಯಿತು. ಕಚೇರಿ ಜೋಯಿಡಾಕ್ಕೆ ಹೋಯಿತು, ನಮ್ಮಂಥ ಬಹಳ ಮಂದಿ ಇದೇ ತಾಲ್ಲೂಕಿನ ರಾಮನಗರಕ್ಕೆ ಬಂದೆವು. ಇಲ್ಲಿಂದ ಲೋಂಡಾ ಹತ್ತಿರ, ಬೆಳಗಾವಿಯೂ ಹತ್ತಿರ. ನಮ್ಮ ಜಿಲ್ಲೆಯ ಊರು ಕಾರವಾರ ಮಾತ್ರ ಘಟ್ಟದ ಕೆಳಗೆ. ಅಣಶಿ ಘಾಟಿನಲ್ಲಿ ಮಣ್ಣು ಕುಸಿದರೆ ಅದೂ ಬಂದ್.

1987ರಲ್ಲಿ ಮಂಡಲ ಪಂಚಾಯ್ತಿ, ಅಂದರೆ ಈಗಿನ ಗ್ರಾಮ ಪಂಚಾಯ್ತಿಗಿಂತ ಮೊದಲಿದ್ದದ್ದು, ಬಂದಾಗ ನಮಗೆ ಎಷ್ಟು ಆಸೆ ಇತ್ತು ಅಂತ ನಿಮಗೆ ಹೇಳಿದರೆ ತಿಳಿಯೋದಿಲ್ಲ. ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ನಮ್ಮ ಜಿಲ್ಲೆಯವರೇ. ಅವರ ಮಂತ್ರಿ ನಜೀರ್ ಸಾಬರನ್ನು ಜನ ನೀರ್ ಸಾಬ್ ಅಂತ ಕರೆಯುತ್ತಿದ್ದರು, ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿದ ಮನುಷ್ಯ. ಇನ್ನು ಮೇಲೆ ಬೆಂಗಳೂರಿಗೆ ಕೇಳಬೇಕಾಗಿಲ್ಲ, ನಮ್ಮ ಊರ ಕೆಲಸ ನಾವೇ ನಿರ್ಧಾರ ಮಾಡುತ್ತೇವೆ ಅಂದುಕೊಂಡಿದ್ದೆವು.

ನಿಮ್ಮ ಮಜರೆ ಯಾವ ಕಡೆ? ಡಿಗ್ಗಿ ಕಡೆಯೋ, ಉಳವಿ ಕಡೆಯೋ? ನಾನು ಹುಡುಗ ಇದ್ದಾಗ ಕುಣಬಿಗಳು ಮುಡ್ಲಿ ಗೆಡ್ಡೆ, ಜೇನು ಹೊತ್ತು ಸೂಪಾ ಪೇಟೆಗೆ ಬರುತ್ತಿದ್ದರು. ನಮ್ಮ ಅಪ್ಪನ ಅಂಗಡಿ ಎದುರು ಕೂರುತ್ತಿದ್ದರು.

ಮಜರೆ ಮಗಳು:

ಅಜ್ಜ, ಡಿಗ್ಗಿ ಕಡೆಯೇ. ಕಾಳಿ ಹುಟ್ಟುವ ಸೀಮೆ. ನಮ್ಮ ಅಜ್ಜನೂ ಸೂಪಾಕ್ಕೆ ಮುಡ್ಲಿ ಹೊತ್ತವರು, ಬೆಳಗಿನ ಜಾವ ಹೊರಟು ಮರುದಿನ ವಾಪಸ್ ಬರುತ್ತಿದ್ದರಂತೆ. ನೀವು ಹೇಳಿದ್ದು ಓದಿ ಮೈ ಜುಂ ಅಂತು. ಈಗಲೂ ನಮ್ಮ ಹಿತ್ತಲಲ್ಲಿ ಮುಡ್ಲಿ ಇದೆ. ಜೋಯಿಡಾದ ಗೆಡ್ಡೆ ಗೆಣಸು ಮೇಳಕ್ಕೆ ಅಮ್ಮ ಪ್ರತಿ ವರ್ಷ ಬುಟ್ಟಿ ತುಂಬಿಕೊಂಡು ಹೋಗುತ್ತಾರೆ.

ಕಾಯ್ದೆ ಓದುವವ:

ಎರಡನೇ ಉತ್ತರದ ಬಗ್ಗೆ ಹೇಳುತ್ತೇನೆ, "ಅರಣ್ಯ ಜಾಗ" ಅನ್ನೋದು. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

2006ರ ಅರಣ್ಯ ಹಕ್ಕು ಕಾಯ್ದೆ ಅಂದರೆ ಎಲ್ಲರೂ ಅತಿಕ್ರಮಣ ಜಮೀನಿನ ಪಟ್ಟಾ ಅಂತಲೇ ತಿಳಿದಿದ್ದಾರೆ. ಅದರಲ್ಲಿ 3(2) ಅಂತ ಒಂದು ಕಲಂ ಇದೆ, ಅದನ್ನು ಯಾರೂ ತೆಗೆದು ನೋಡೋದಿಲ್ಲ. ಕಾಡಿನಲ್ಲಿ ಇರುವ ಊರಿಗೆ ಸರ್ಕಾರ ನಡೆಸುವ ಸೌಲಭ್ಯ ಬೇಕಾದರೆ ಅರಣ್ಯ ಜಾಗ ಕೊಡಬಹುದು ಅಂತ ಅದು ಹೇಳುತ್ತದೆ. ಒಟ್ಟು 13 ಸೌಲಭ್ಯ: ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕರೆಂಟು ಮತ್ತು ಟೆಲಿಫೋನ್ ಲೈನು, ಕೆರೆ, ಕುಡಿಯುವ ನೀರಿನ ಪೈಪು, ಮಳೆನೀರು ಹಿಡಿಯುವ ಕಟ್ಟೆ, ಸಣ್ಣ ಕಾಲುವೆ, ಸೋಲಾರ್ ತರಹದ ಇಂಧನ, ತರಬೇತಿ ಕೇಂದ್ರ, ರಸ್ತೆ, ಸಮುದಾಯ ಭವನ. ಒಂದೊಂದಕ್ಕೆ ಬೇಕಾದ ಜಾಗ 1 ಹೆಕ್ಟೇರಿಗಿಂತ ಕಡಿಮೆ ಇರಬೇಕು. ಹೆಕ್ಟೇರಿಗೆ 75 ಮರಕ್ಕಿಂತ ಜಾಸ್ತಿ ಕಡಿಯುವಂತಿಲ್ಲ. ಮುಖ್ಯ ಮಾತು, ಇದಕ್ಕೆ ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ಅದು ಇಲ್ಲದೆ ಕಡತ ಮುಂದೆ ಹೋಗೋದಿಲ್ಲ.

ಅಕ್ಕ, ಸಂಕ ಅಥವಾ ಸೇತುವೆ ಅನ್ನೋ ಪದ ಆ ಪಟ್ಟಿಯಲ್ಲಿಲ್ಲ. ರಸ್ತೆ ಇದೆ. ಆದ್ದರಿಂದ "ಮೂಲ ಹಳ್ಳಿಯಿಂದ ಮಜರೆಗೆ ಹೋಗುವ ರಸ್ತೆ ಮತ್ತು ಅದರ ಭಾಗವಾದ ಕಾಲುಸಂಕ" ಅಂತ ಬರೆಯಿರಿ. ಒಂದು ಪದದ ಮೇಲೆ ಅರ್ಜಿ ವಾಪಸ್ ಬಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ವಿಷಯ. ನಿಮ್ಮ ಹಳ್ಳ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆಯೋ ಹೊರಗಿದೆಯೋ ಮೊದಲು ನಕ್ಷೆಯಲ್ಲಿ ನೋಡಿಸಿ. ಅರಣ್ಯ ಹಕ್ಕು ಕಾಯ್ದೆಗೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಲ್ಲವೂ ಅರಣ್ಯ ಭೂಮಿಯೇ. ಆದರೆ ಒಳಗಿದ್ದರೆ ವನ್ಯಜೀವಿ ಕಾಯ್ದೆಯ ಪ್ರಶ್ನೆಯೂ ಎದ್ದೇ ಏಳುತ್ತದೆ. ಅದಕ್ಕೆ ಮೊದಲೇ ತಯಾರಾಗಿ ಹೋಗಿ.

ಗೌಳಿವಾಡಾ ಹುಡುಗ:

ನಾನು ಧನಗರ ಗೌಳಿ. ಹಿರಿಯರು ಎಮ್ಮೆ ಹೊಡೆದುಕೊಂಡು ಮಹಾರಾಷ್ಟ್ರದ ಕಡೆಯಿಂದ ಈ ಕಾಡಿಗೆ ಬಂದವರು. ಜೋಯಿಡಾ ಅಂದ ಕೂಡಲೇ ಕುಣಬಿ, ಮುಡ್ಲಿ, ಹೋಂಸ್ಟೇ ಅಂತ ಎಲ್ಲರೂ ಮಾತಾಡುತ್ತಾರೆ. ನಮ್ಮ ಗೌಳಿವಾಡಾಗಳು ಇನ್ನೂ ಒಳಗೆ ಇವೆ, ಅವುಗಳ ಹೆಸರು ಎಷ್ಟೋ ಅಧಿಕಾರಿಗಳಿಗೇ ಗೊತ್ತಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ ಅಕ್ಕ, ಇರೋದನ್ನು ಹೇಳಿದೆ.

ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡ ಅಂತ ಆಯಿತು, ತುಂಬ ಒಳ್ಳೆಯದಾಯಿತು. ಕುಣಬಿಗಳೂ ನಾವೂ ಕೇಳುತ್ತಲೇ ಇದ್ದೇವೆ. ಆಗದೇ ಇರೋದರಿಂದ ಏನಾಗಿದೆ ನೋಡಿ. ಅರಣ್ಯ ಹಕ್ಕಿಗೆ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲು ಅಲ್ಲಿ ವಾಸವಿದ್ದರೆ ಸಾಕು. ನಾವು ಮೂರು ತಲೆಮಾರು, ಅಂದರೆ 75 ವರ್ಷ ತೋರಿಸಬೇಕು. ಎಮ್ಮೆ ಹಿಂದೆ ತಿರುಗುವವನ ಕೈಯಲ್ಲಿ 1930ರ ಕಾಗದ ಎಲ್ಲಿಂದ ಬರಬೇಕು? ಒಂದೇ ಹೊಳೆ ನೀರು ಕುಡಿಯುತ್ತೇವೆ, ಒಂದೇ ಕಾಡುಹಂದಿ ಎಲ್ಲರ ಗದ್ದೆಯನ್ನೂ ಅಗೆಯುತ್ತದೆ, ಕಾಗದ ಕೇಳುವಾಗ ಮಾತ್ರ ಬೇರೆ ಬೇರೆ.

ನಿಮ್ಮ ಅರ್ಜಿಯಲ್ಲಿ ನಮ್ಮ ವಾಡಾದ ದಾರಿಯನ್ನೂ ಸೇರಿಸಿ. ಆ ಹಳ್ಳದ ಆಚೆಯೇ ನಮ್ಮ ಎಂಟು ಮನೆ ಇರಬೇಕು ಅಂತ ನನಗೆ ಅನುಮಾನ. ಗೋಮಾಳದ ತರಹ ಮೇಯಿಸುವ ಹಕ್ಕನ್ನೂ ಊರಿನ ಹೆಸರಲ್ಲಿ ಒಟ್ಟಾಗಿ ಕೇಳಬಹುದಂತೆ, ಅದೂ ಬರಲಿ.

ಕಾಯ್ದೆ ಓದುವವ:

ತಮ್ಮಾ, ಕಾಗದವೇ ಬೇಕು ಅಂತಿಲ್ಲ. ನಿಯಮ 13ರಲ್ಲಿ ಬೇರೆ ಸಾಕ್ಷಿಗಳೂ ಇವೆ. ಹಳೆ ಬಾವಿ, ಮನೆ ತಳಪಾಯ, ಸ್ಮಶಾನ, ದೇವರ ಬನ ಇವೆಲ್ಲ ನಡೆಯುತ್ತವೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕೆ ಇಳಿಸಿದರೆ ಅದೂ ಸಾಕ್ಷಿಯೇ. ಒಂದಕ್ಕಿಂತ ಹೆಚ್ಚು ಸಾಕ್ಷಿ ಸೇರಿಸಿ ಕೊಡಬೇಕು ಅಷ್ಟೆ. ಮೇವಿನ ಹಕ್ಕು ಸಮುದಾಯದ ಹಕ್ಕಿನಲ್ಲಿ ಬರುತ್ತದೆ, ಹೌದು.

ರಾಮನಗರದ ಅಜ್ಜ:

ಹಳೆ ಬಾವಿ, ಗುಡಿ ತೋರಿಸಿ ಅನ್ನುತ್ತಾರಲ್ಲ, ನಮ್ಮದೆಲ್ಲ ನೀರಿನ ಕೆಳಗೆ ಇದೆ. ಸಮುದ್ರಮಟ್ಟದಿಂದ 564 ಮೀಟರಿನ ಗುರುತಿನವರೆಗೆ ನೀರು ತುಂಬಿದರೆ ಗುಡ್ಡದ ತಲೆ ಮಾತ್ರ ಕಾಣುತ್ತದೆ. ನಾವು ಯಾವ ಬಾವಿ ತೋರಿಸೋಣ?

ಹೊರಗೆ ಬಂದವನು:

ನಾನು ಹೇಳುವುದು ನಿಮಗೆ ಹಿಡಿಸದೇ ಇರಬಹುದು. ನಮ್ಮ ಕುಟುಂಬ ಹುಲಿ ಸಂರಕ್ಷಿತ ಪ್ರದೇಶ ಬಿಟ್ಟು ಹೋಗುವವರಿಗೆ ಸರ್ಕಾರ ಕೊಡುವ ಪರಿಹಾರ ತೆಗೆದುಕೊಂಡು ಕಾಡಿನ ಒಳಗಿನ ಊರು ಬಿಟ್ಟು ಬಂದಿತು. ಆಗ ಕುಟುಂಬಕ್ಕೆ 10 ಲಕ್ಷ ಇತ್ತು, 2021ರಲ್ಲಿ ಅದನ್ನು 15 ಮಾಡಿದರು. 18 ದಾಟಿದ ಮಗನೂ ಬೇರೆ ಕುಟುಂಬದ ಲೆಕ್ಕ. ನನ್ನ ಮಗಳು ಈಗ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಹೆಂಡತಿಗೆ ಎರಡನೇ ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಮೊದಲನೆಯದು ಒಳಗಿದ್ದಾಗ, ಆ ಕೂಸು ಉಳಿಯಲಿಲ್ಲ.

ಒಂದು ಸಂಕಕ್ಕೆ ಎಂಟು ವರ್ಷ. ಕರೆಂಟಿಗೆ ಇನ್ನೆಷ್ಟು, ಟವರಿಗೆ ಇನ್ನೆಷ್ಟು? ಅಷ್ಟರಲ್ಲಿ ಮಕ್ಕಳ ಬಾಲ್ಯ ಮುಗಿದು ಹೋಗುತ್ತದೆ. ಕೂತು ಯೋಚನೆ ಮಾಡಿ ತಂಗಿ.

ಮಜರೆ ಮಗಳು:

ಅಣ್ಣಾ, ನಿಮ್ಮ ಕೂಸಿನ ವಿಷಯ ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ನೀವು ಬಿಟ್ಟು ಬಂದಿದ್ದು ತಪ್ಪು ಅಂತ ನಾನು ಯಾವತ್ತೂ ಹೇಳೋದಿಲ್ಲ. ನಾನೂ ಹುಬ್ಬಳ್ಳಿಯಲ್ಲೇ ಇದ್ದೇನೆ ಅಲ್ವಾ.

ಆದರೆ ಅಮ್ಮನನ್ನು ಕೇಳಿದರೆ ಬರೋದಿಲ್ಲ ಅನ್ನುತ್ತಾರೆ. ಗದ್ದೆ ಅಲ್ಲಿದೆ, ದೇವರು ಅಲ್ಲಿದೆ, ಅಪ್ಪನನ್ನು ಮಣ್ಣು ಮಾಡಿದ್ದು ಅಲ್ಲೇ. ಬಿಡೋದಾದರೆ ಬಿಡುವವರ ಮನಸ್ಸಿನಿಂದ ಬಿಡಬೇಕು. ಸಂಕ ಕೊಡದೆ, ದಾರಿ ಕೊಡದೆ, ಬೇಸತ್ತು ತಾವಾಗಿಯೇ ಹೋಗಲಿ ಅಂತ ಬಿಟ್ಟರೆ ಅದನ್ನು ಸ್ವಂತ ಇಷ್ಟ ಅಂತ ಹೇಗೆ ಕರೆಯೋದು?

ಕಾಯ್ದೆ ಓದುವವ:

ಕಾಯ್ದೆ ಹೇಳೋದೂ ಅದನ್ನೇ. ವನ್ಯಜೀವಿಗಳಿಗೆ ಅಂತ ಜನರನ್ನು ಬೇರೆ ಕಡೆ ಕಳಿಸಬೇಕಾದರೆ ಗ್ರಾಮಸಭೆಗೆ ಎಲ್ಲ ಮಾಹಿತಿ ಕೊಟ್ಟು, ಬಲವಂತ ಇಲ್ಲದೆ ಒಪ್ಪಿಗೆ ಪಡೆಯಬೇಕು.

ಬಯಲುಸೀಮೆ ಮಾಸ್ತರ್:

ನಾನು ಗದಗ ಕಡೆಯವನು. ನೌಕರಿಯ ಮೊದಲ ಏಳು ವರ್ಷ ಜೋಯಿಡಾದ ಒಂದು ಏಕೋಪಾಧ್ಯಾಯ ಶಾಲೆಯಲ್ಲಿ ಕಳೆದೆ. ಹನ್ನೊಂದು ಮಕ್ಕಳು. ಸೇರಿದ ದಿನ ನಾನು ಕನ್ನಡದಲ್ಲಿ ಹೆಸರು ಕೇಳಿದರೆ ಮಕ್ಕಳು ನನ್ನ ಮುಖ ನೋಡುತ್ತಿದ್ದವು. ಮನೆಯಲ್ಲಿ ಕೊಂಕಣಿ, ಕೆಲವರದು ಮರಾಠಿ. ಮೂರು ತಿಂಗಳಲ್ಲಿ ಅವು ನನಗೆ ಕೊಂಕಣಿ ಕಲಿಸಿದವು, ನಾನು ಅವಕ್ಕೆ ಕನ್ನಡ ಕಲಿಸಿದೆ. ಮಧ್ಯಾಹ್ನ ಊಟ ಆದ ಮೇಲೆ ಒಂದು ಹುಡುಗಿ ದಿನಾ ಒಂದು ಗಿಡದ ಹೆಸರು ಹೇಳಿಕೊಡುತ್ತಿದ್ದಳು. ಆ ನೋಟುಪುಸ್ತಕ ಇನ್ನೂ ನನ್ನ ಹತ್ತಿರ ಇದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಅಲ್ಲಿ ನಾನು ಹತ್ತಾರು ಗ್ರಾಮಸಭೆ ನೋಡಿದ್ದೇನೆ. ಗದ್ದೆ, ನೀರು, ದಾರಿ ಎಲ್ಲದರ ಲೆಕ್ಕ ಬಾಯಲ್ಲೇ ಇಟ್ಟುಕೊಂಡಿರುವ ಹೆಂಗಸರು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಓದುವ ವರದಿ ಕನ್ನಡದಲ್ಲಿ, ಅದೂ ಕಚೇರಿ ಕನ್ನಡ. "ಅನುಮೋದಿಸಲಾಗಿದೆ" ಅಂದರೆ ಏನು ಅಂತ ಒಬ್ಬ ಅಜ್ಜಿ ನನ್ನನ್ನು ಕೇಳಿದ್ದರು. ಸಹಿ, ಹೆಬ್ಬೆಟ್ಟು ಹಾಕಿ ಮನೆಗೆ ಹೋಗುತ್ತಿದ್ದರು. ಪುಸ್ತಕದಲ್ಲಿ ಏನು ಬರೆದಿದೆ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ.

ನಾನು ಕನ್ನಡದ ಮಾಸ್ತರು, ಕನ್ನಡ ಅಂದರೆ ಜೀವ. ಆದರೂ ಹೇಳುತ್ತೇನೆ, ನಿಮ್ಮ ಠರಾವನ್ನು ಸಭೆಯಲ್ಲಿ ಕೊಂಕಣಿಯಲ್ಲಿ ಒಂದು ಸಲ ಜೋರಾಗಿ ಓದಿ. ಆಮೇಲೆ ಕನ್ನಡದಲ್ಲಿ ಬರೆಸಿ. ಬರೆದಿದ್ದನ್ನು ಅಲ್ಲೇ ಓದಿಸಿ ಕೇಳಿ. ನಡಾವಳಿಯ ನಕಲು ತೆಗೆದುಕೊಳ್ಳದೆ ಎದ್ದು ಬರಬೇಡಿ.

ಹಳೇ ಸದಸ್ಯೆ:

ಮಾಸ್ತರರು ಹೇಳಿದ್ದು ನೂರಕ್ಕೆ ನೂರು ಸತ್ಯ. 2010ರಿಂದ ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ. ನಾನು ಗೆದ್ದಿದ್ದೂ ಅದರಿಂದಲೇ. ಮೊದಲ ವರ್ಷ ಸಭೆಯಲ್ಲಿ ನಾನು ಒಂದು ಮಾತೂ ಆಡಲಿಲ್ಲ, ಕನ್ನಡ ತಪ್ಪಾದರೆ ಅನ್ನೋ ಹೆದರಿಕೆ. ಎರಡನೇ ವರ್ಷ ಕುಡಿಯುವ ನೀರಿನ ವಿಷಯ ಬಂದಾಗ ಕೊಂಕಣಿಯಲ್ಲೇ ಶುರು ಮಾಡಿಬಿಟ್ಟೆ. ಎಲ್ಲರಿಗೂ ಅರ್ಥವಾಯಿತು.

ಇನ್ನೊಂದು ವಿಷಯ ಬಿಟ್ಟುಹೋಗಿತ್ತು. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ನಾವು ಮೊದಲು ದೊಡ್ಡ ಕೆಲಸ ಇದ್ದರೆ ಜಿಲ್ಲಾ ಪಂಚಾಯ್ತಿ ಸದಸ್ಯರ ಹತ್ತಿರ ಹೋಗುತ್ತಿದ್ದೆವು. ಆ ಮೆಟ್ಟಿಲೇ ಇಲ್ಲದಂತಾಯಿತು. ಇಡೀ ಭಾರ ಗ್ರಾಮ ಪಂಚಾಯ್ತಿ ಮೇಲೆ ಬಿತ್ತು, ಅದರ ಹತ್ತಿರ ದುಡ್ಡಿಲ್ಲ.

ಉಳವಿ ದಾರಿ:

ನನ್ನದು ಉಳವಿ ಹತ್ತಿರ ಸಣ್ಣ ಅಂಗಡಿ. ಭಾರತ ಹುಣ್ಣಿಮೆ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಎಷ್ಟು ಜನ ಬರುತ್ತಾರೆ ಅಂತ ಎಲ್ಲರಿಗೂ ಗೊತ್ತು. ಚನ್ನಬಸವಣ್ಣನ ಜಾಗ, ಬರಲಿ, ಬರಬೇಕು. ಆದರೆ ಜಾತ್ರೆ ಮುಗಿದ ಮೇಲೆ ಗುಡಿಸುವವರು ಇಲ್ಲಿನ ಪಂಚಾಯ್ತಿಯವರು. ಗಣೇಶಗುಡಿಯಲ್ಲಿ ರಾಫ್ಟಿಂಗಿಗೆ ಶನಿವಾರ ಭಾನುವಾರ ಕಾರಿನ ಸಾಲು. ಬರುವವರ ತಲೆ ಯಾವ ಜನಗಣತಿಯಲ್ಲೂ ನಮ್ಮ ಲೆಕ್ಕಕ್ಕೆ ಸೇರೋದಿಲ್ಲ, ನೀರು ಮಾತ್ರ ನಮ್ಮ ಟ್ಯಾಂಕಿನದು. ಅನುದಾನದ ಮಾತು ಬಂದಾಗ ಇದನ್ನೂ ಹೇಳಿ.

ಸುಳ್ಯದವ:

ಬೇರೆ ಜಿಲ್ಲೆಯವನು, ಒಂದೇ ಮಾತು. ನಮ್ಮ ಸುಳ್ಯದ ಗಿರೀಶ್ ಭಾರದ್ವಾಜ್ ಅವರು 100ಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದ್ದಾರೆ, 2017ರಲ್ಲಿ ಪದ್ಮಶ್ರೀ ಬಂತು. ತೂಗುಸೇತುವೆಗೆ ದೊಡ್ಡ ರಸ್ತೆಸೇತುವೆಯಷ್ಟು ಖರ್ಚಿಲ್ಲ, ಮರವೂ ಹೆಚ್ಚು ಹೋಗೋದಿಲ್ಲ. ನಿಮ್ಮ ಹಳ್ಳದ ಅಗಲ ಅಳೆದು ಫೋಟೋ ಜೊತೆ ಇಡಿ. ಶಾಲಾ ಸಂಪರ್ಕ ಸೇತು ಅಂತ ಲೋಕೋಪಯೋಗಿ ಇಲಾಖೆಯ ಯೋಜನೆಯೂ ಬಂದಿತ್ತು, ಮಲೆನಾಡು ಕರಾವಳಿಯ ಶಾಲೆ ಮಕ್ಕಳಿಗೆ ಅಂತಲೇ. ಮಕ್ಕಳ ಹಾಜರಿ ಪುಸ್ತಕದಲ್ಲಿ ಜೂನ್, ಜುಲೈ ಎಷ್ಟು ದಿನ ಗೈರು ಅಂತ ನೋಡಿಸಿ.

ಮಜರೆ ಮಗಳು:

ಎರಡು ವಾರ ಆಯಿತು. ರಜೆ ಹಾಕಿ ಊರಿಗೆ ಹೋಗಿ ಬಂದೆ.

ಹಳೇ ಸದಸ್ಯೆ ಅಕ್ಕ ಹೇಳಿದ ಹಾಗೆ ತಮ್ಮನನ್ನು ಹಳ್ಳದ ದಂಡೆಯಲ್ಲಿ ಕೂರಿಸಿ ಎಣಿಸಿದೆವು. ಏಳು ದಿನದಲ್ಲಿ 63 ಬೇರೆ ಬೇರೆ ಜನ ದಾಟಿದರು. ನಮ್ಮ ಮಜರೆಯವರು ಅದರಲ್ಲಿ 41 ಜನ. ಉಳಿದವರು ಗೌಳಿವಾಡಾದವರು, ಆಚೆ ಗದ್ದೆ ಇರುವವರು, ಆಶಾ ಅಕ್ಕ, ಇಬ್ಬರು ಫಾರೆಸ್ಟ್ ಗಾರ್ಡು. ಗೌಳಿವಾಡಾ ಹುಡುಗ ಹೇಳಿದ್ದು ಸರಿ, ಆಚೆ ಎಂಟು ಮನೆ ಇವೆ. ಇಷ್ಟು ವರ್ಷ ನಾವು ಅರ್ಜಿ ಬರೆಯುವಾಗ ಅವರನ್ನು ಒಂದು ಮಾತು ಕೇಳಿರಲಿಲ್ಲ. ಈ ಸಲ ಅವರ ಮನೆಗೆ ಹೋಗಿ ಕೂತು ಮಾತಾಡಿದೆ, ಮಜ್ಜಿಗೆ ಕುಡಿದು ಬಂದೆ. ಈಗ ಅರ್ಜಿ ಇಪ್ಪತ್ತೆರಡು ಮನೆಯದು.

ಹಳ್ಳದ ಅಗಲ 17 ಮೀಟರ್. ಶಾಲೆಯಲ್ಲಿ ಹಾಜರಿ ನೋಡಿದೆವು, ಕಳೆದ ಜುಲೈನಲ್ಲಿ ನಮ್ಮ ಐದು ಮಕ್ಕಳು ಶಾಲೆಗೆ ಹೋಗಿದ್ದು ಬರೀ ಆರು ದಿನ. ಜಾಗ ಹುಲಿ ಪ್ರದೇಶದ ಒಳಗೋ ಹೊರಗೋ ಅಂತ ನಕ್ಷೆ ಕೇಳಿ ಬರೆದುಕೊಟ್ಟಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಠರಾವು ಬರೆದಿದ್ದೇನೆ, "ರಸ್ತೆ ಮತ್ತು ಅದರ ಭಾಗವಾದ ಕಾಲುಸಂಕ" ಅಂತಲೇ ಇದೆ. ಕೊಂಕಣಿಯಲ್ಲಿ ಓದುವವರು ನಮ್ಮ ಅತ್ತೆ. ಜೋಳಿಗೆಯಲ್ಲಿ ಹೋದವರು ಅವರೇ ತಾನೇ, ನಾನೇ ಓದುತ್ತೇನೆ ಅಂದರು.

ಒಂದು ಕೊರತೆ ಇದೆ. ಅರಣ್ಯ ಹಕ್ಕಿನ ಅರ್ಜಿಗೆ ನಮ್ಮ ಮಜರೆ ಹಳೆಯದು ಅಂತ ಹೇಳುವ ಹೊರಗಿನ ಹಿರಿಯರು ಯಾರೂ ಸಿಕ್ಕಿಲ್ಲ. ನಮ್ಮಲ್ಲಿ ಇರುವ ಹಿರಿಯರೆಲ್ಲ ಅರ್ಜಿದಾರರೇ.

ರಾಮನಗರದ ಅಜ್ಜ:

ಮಗಾ, ನನಗೆ ಈಗ ಎಪ್ಪತ್ತೆಂಟು. ನಿನ್ನ ಊರಿನ ಮಂದಿ ಸೂಪಾ ಪೇಟೆಗೆ ಬರುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಅಪ್ಪನೂ ಅವರ ಅಪ್ಪಂದಿರ ಮಾತು ಹೇಳುತ್ತಿದ್ದ, ಉದ್ರಿ ಬರೆದುಕೊಳ್ಳುವಾಗ ಮಜರೆ ಹೆಸರು ಹಿಡಿದೇ ಬರೆದುಕೊಳ್ಳುತ್ತಿದ್ದ. ನನ್ನ ಬಾವಿ, ನನ್ನ ಗುಡಿ ತೋರಿಸಲು ನನಗೆ ಆಗೋದಿಲ್ಲ. ನಿಮ್ಮದಕ್ಕೆ ಸಾಕ್ಷಿ ಹೇಳಲು ಆಗುತ್ತದೆ ಅಲ್ವಾ?

ಕಾಯ್ದೆ ಓದುವವ:

ಖಂಡಿತ ಆಗುತ್ತದೆ ಅಜ್ಜ. ನೀವು ಕಂಡಿದ್ದನ್ನು ಒಂದು ಕಡೆ, ತಂದೆಯವರಿಂದ ಕೇಳಿದ್ದನ್ನು ಬೇರೆ ಕಡೆ ಬರೆಸಿ, ಎರಡನ್ನೂ ಕಲಸಬೇಡಿ. ಅರಣ್ಯ ಹಕ್ಕು ಸಮಿತಿಯ ಎದುರು ಹೇಳಿ ಸಹಿ ಹಾಕಿ. ಆ ಅರ್ಜಿಯ ಗ್ರಾಮಸಭೆಗೆ ಅರ್ಧದಷ್ಟು ಜನ ಸೇರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಅದನ್ನೂ ನೋಡಿಕೊಳ್ಳಿ ಅಕ್ಕ.

ಹೊರಗೆ ಬಂದವನು:

ತಂಗಿ, ಅಜ್ಜನನ್ನು ಬಸ್ಸಿನಲ್ಲಿ ಅಲೆದಾಡಿಸಬೇಡಿ. ನನ್ನ ಹತ್ತಿರ ಈಗ ಟೆಂಪೋ ಇದೆ. ಸಭೆಯ ದಿನ ಬೆಳಿಗ್ಗೆ ರಾಮನಗರದಿಂದ ನಾನೇ ಕರೆದುಕೊಂಡು ಬರುತ್ತೇನೆ. ಡಾಂಬರು ಮುಗಿಯುವ ಕಡೆ ನಿಮ್ಮವರು ಇಬ್ಬರು ಕಾಯಲಿ, ಅಲ್ಲಿಂದ ಹಳ್ಳದವರೆಗೆ ಅಜ್ಜನ ಕೈ ಹಿಡಿಯಲು.

ರಾಮನಗರದ ಅಜ್ಜ:

ನಾನು ಆರು ಗಂಟೆಗೇ ತಯಾರಿರುತ್ತೇನೆ. ನಿನ್ನ ಅಮ್ಮನಿಗೆ ಹೇಳು, ಸ್ವಲ್ಪ ಮುಡ್ಲಿ ಬೇಯಿಸಿ ಇಡಲಿ.